ಬೇವು ಕುಡಿಯೋದೋ, ತಿನ್ನೋದೋ?

ಎಲ್ಲರಿಗೂ ನಮಸ್ಕಾರ.

ಧಾರವಾಡದ ಮಾಳಮಡ್ಡಿಯಿಂದ ಬರೆಯುತ್ತಿದ್ದೇನೆ. ಒಂದು ಬಳಕೆಯ ಬಗ್ಗೆ ನಿಮ್ಮನ್ನೆಲ್ಲ ಕೇಳಬೇಕಾಗಿದೆ. ಯುಗಾದಿಯ ಬೇವನ್ನು ನೀವು ಕುಡಿಯುತ್ತೀರೋ, ತಿನ್ನುತ್ತೀರೋ? ನಿಮ್ಮ ಊರಲ್ಲಿ ಯಾವ ಮಾತು ನಡೆಯುತ್ತದೆ? ಇಷ್ಟು ವರ್ಷ ನನಗೆ ಇದೊಂದು ಪ್ರಶ್ನೆ ಅಂತಲೇ ಅನ್ನಿಸಿರಲಿಲ್ಲ. ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಮನೆಗೆ ಬಂದ ಮೇಲೆ ಪ್ರಶ್ನೆಯಾಯಿತು.

ವೈನಿ ನಂಜನಗೂಡಿನವರು. 2025ರ ಯುಗಾದಿ ಮಾರ್ಚ್ 30ಕ್ಕೆ ಬಂದಿತ್ತು, ಭಾನುವಾರ. ಮದುವೆಯಾದ ಮೇಲೆ ಅವರಿಗೆ ಧಾರವಾಡದಲ್ಲಿ ಅದೇ ಮೊದಲ ಯುಗಾದಿ. ಬೆಳಗ್ಗೆ ಎಣ್ಣೆ ನೀರು ಮುಗಿಸಿ, ಹೊಸ ಸೀರೆ ಉಟ್ಟು ಅಡಿಗೆಮನೆಗೆ ಬಂದರು. ಅವ್ವ ಆಗಲೇ ದೇವರಿಗೆ ನೈವೇದ್ಯ ಮಾಡಿ ಮುಗಿಸಿದ್ದಳು. ದೊಡ್ಡ ಸ್ಟೀಲ್ ಲೋಟ ತುಂಬಿ ವೈನಿಯ ಮುಂದೆ ಹಿಡಿದಳು.

"ಬಾ ಅವ್ವಾ, ಮೊದ್ಲ ಬೇವು ಕುಡಿ. ಆಮ್ಯಾಲೆ ಉಳಿದದ್ದು."

ವೈನಿ ಲೋಟ ನೋಡಿದರು. ಅವ್ವನ ಮುಖ ನೋಡಿದರು. ಮತ್ತೆ ಲೋಟ ನೋಡಿದರು. "ಇಷ್ಟೂನಾ ಅತ್ತೆ?" ಅಂತ ಸಣ್ಣ ದನಿಯಲ್ಲಿ ಕೇಳಿದರು.

"ಇಷ್ಟ ಯಾಕ, ಪಾತೇಲಿ ತುಂಬ ಅದ. ಬೇಕಾದಷ್ಟು ಕುಡಿ."

ವೈನಿ ಕಣ್ಣು ಮುಚ್ಚಿದರು. ಉಸಿರು ಹಿಡಿದರು. ಅರ್ಧ ಲೋಟ ಒಂದೇ ಸಲ ಗಟಗಟ ಕುಡಿದರು. ಕುಡಿದವರು ಅಲ್ಲೇ ನಿಂತುಬಿಟ್ಟರು. ಒಂದು ಕಣ್ಣು ತೆರೆದರು. ಆಮೇಲೆ ಇನ್ನೊಂದು. "ಅತ್ತೆ, ಇದು ಸಿಹಿಯಾಗಿದೆಯಲ್ಲಾ! ಪಾಯಸದ ಥರ ಇದೆ!"

ಅಣ್ಣ ನಗಲಿಕ್ಕೆ ಶುರು ಮಾಡಿದ. ಅವ್ವನಿಗೆ ಏನೂ ತಿಳಿಯಲಿಲ್ಲ. "ಸಿಹಿ ಇರದ ಮತ್ತೇನು? ನಿಮ್ಮ ಕಡೆ ಬೇವು ಮಾಡೂದಿಲ್ಲೇನು?" ಅಂದಳು.

ಮಾಡುತ್ತಾರೆ, ಆದರೆ ಅದೇ ಬೇರೆ. ಅವರ ಮನೆಯಲ್ಲಿ ಅದರ ಹೆಸರು ಬೇವು-ಬೆಲ್ಲ. ಎರಡು ಚಿಗುರೆಲೆ, ನಾಲ್ಕು ಹೂ, ಚೂರು ಬೆಲ್ಲ. ಅಂಗೈಯಲ್ಲಿ ಒಂದು ಚಿಟಿಕೆ ಹಾಕುತ್ತಾರೆ. ಬಾಯಿಗೆ ಹಾಕಿಕೊಂಡರೆ ಕ್ಷಣದಲ್ಲಿ ಮುಗಿಯುತ್ತದೆ. ಹಾಗಾಗಿ ಅಲ್ಲಿ ಬೇವು-ಬೆಲ್ಲ ತಿನ್ನುವುದು. "ಬೇವು ಕುಡಿ" ಅನ್ನುವ ಮಾತನ್ನು ವೈನಿ ಚಿಕ್ಕಂದಿನಲ್ಲಿ ಕೇಳಿದ್ದು ಬೇರೆ ಕಾರಣಕ್ಕೆ. ಹೊಟ್ಟೆಯಲ್ಲಿ ಹುಳ ಅಂತ ಅವರ ಅಜ್ಜಿ ಬೇವಿನ ಎಲೆ ಅರೆದು, ಹಿಂಡಿ, ಒಂದು ಒಳಲೆ ರಸ ಕುಡಿಸಿದ್ದರಂತೆ. ಆ ರುಚಿ ಇನ್ನೂ ನಾಲಿಗೆಯ ಮೇಲೆ ಇತ್ತು. ಈಗ ಅತ್ತೆ ಅದನ್ನೇ ದೊಡ್ಡ ಲೋಟದ ತುಂಬ ಕೊಡುತ್ತಿದ್ದಾರೆ ಅಂತ ತಿಳಿದಿದ್ದರು. ಹಬ್ಬದ ದಿನ, ಮೊದಲ ವರ್ಷ, ಬೇಡ ಅನ್ನುವುದು ಹೇಗೆ? ಅದಕ್ಕೆ ಕಣ್ಣು ಮುಚ್ಚಿದ್ದರು.

ಅವತ್ತು ಇಡೀ ಮನೆ ನಕ್ಕಿತು. ಎಲ್ಲರಿಗಿಂತ ಜಾಸ್ತಿ ನಕ್ಕವರು ವೈನಿ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ.

ಮಧ್ಯಾಹ್ನ ನಂಜನಗೂಡಿನಿಂದ ಅವರ ಅಮ್ಮ ಫೋನ್ ಮಾಡಿದರು. "ಬೇವು-ಬೆಲ್ಲ ತಿಂದ್ಯಾ?" ಅಂತ ಕೇಳಿದರು. ವೈನಿ ಹೋಳಿಗೆಗೆ ಹೂರಣ ತುಂಬುತ್ತಿದ್ದರು. ಕೈ ಬಿಡುವಿರಲಿಲ್ಲ. ಫೋನು ಸ್ಪೀಕರ್ ಮೇಲಿತ್ತು. "ಇಲ್ಲಮ್ಮ, ಕುಡಿದೆ" ಅಂದುಬಿಟ್ಟರು. ಆ ಕಡೆ ಒಂದು ಕ್ಷಣ ಸದ್ದೇ ಇಲ್ಲ. ಆಮೇಲೆ, "ಏನೇ ಕುಡಿದೆ? ಹಬ್ಬದ ದಿನ ಏನ್ ಮಾತಾಡ್ತಿದ್ದೀಯ ನೀನು?" ಅವ್ವ ಹಿಟ್ಟಿನ ಕೈಯಲ್ಲೇ ಫೋನಿನ ಹತ್ತಿರ ಬಗ್ಗಿ, "ಬೀಗತೇರ, ಬೇವು ಕುಡದಾಳ್ರೀ, ಬೇವು! ಎರಡು ಲೋಟ!" ಅಂದಳು. ಆ ಮಾತಿನಿಂದ ಬೀಗತಿಯ ಗಾಬರಿ ಕಡಿಮೆಯಾಗಲಿಲ್ಲ, ಇನ್ನೂ ಹೆಚ್ಚಾಯಿತು.

ಈ ಫೋನಿನ ಮಾತೇ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ನೋಡಿ, ಕನ್ನಡದಲ್ಲಿ "ಕುಡಿ"ಯ ಮುಂದೆ ಏನನ್ನು ಅಂತ ಹೇಳದಿದ್ದರೆ ಅದರ ಅರ್ಥ ಒಂದೇ ಕಡೆ ಹೋಗುತ್ತದೆ. "ಅವನು ಕುಡಿದಿದ್ದಾನೆ" ಅಂದರೆ ಮಜ್ಜಿಗೆ ಅಂತ ಯಾರೂ ತಿಳಿಯುವುದಿಲ್ಲ. "ಅವನು ತಿಂದಿದ್ದಾನೆ" ಅಂದರೆ ದುಡ್ಡು ತಿಂದಿದ್ದಾನೆ ಅಂತ ಅರ್ಥ ಬರಬಹುದು. "ಅವನು ಉಂಡಿದ್ದಾನೆ" ಅಂದರೆ ಮಾತ್ರ ಸುಮ್ನೆ ಊಟ ಆಗಿದೆ ಅಂತ. ಮೂರೂ ಬಾಯಿಗೆ ಸಂಬಂಧಪಟ್ಟ ಪದಗಳೇ. ಒಂಟಿಯಾಗಿ ನಿಲ್ಲಿಸಿದರೆ ಮೂರೂ ಬೇರೆ ಬೇರೆ ಕಡೆ ಮುಖ ಮಾಡುತ್ತವೆ. ಇದನ್ನು ನಾನು ಯಾವತ್ತೂ ಹೀಗೆ ಎದುರಿಗೆ ಇಟ್ಟು ನೋಡಿರಲಿಲ್ಲ.

ನಮ್ಮ ಕಡೆಯ ಬೇವನ್ನು ನೋಡದವರಿಗೆ ಅದು ಏನು ಅಂತ ಹೇಳಬೇಕು. ಇಲ್ಲದಿದ್ದರೆ ಕ್ರಿಯಾಪದದ ಚರ್ಚೆಗೆ ಬುಡವೇ ಇರುವುದಿಲ್ಲ.

ಹಿಂದಿನ ದಿನ ಅಮಾವಾಸ್ಯೆ. ಅವತ್ತು ಸಂಜೆ ಹೂ ಕೂಡಿಸುವ ಕೆಲಸ. ನಮ್ಮ ಹಿತ್ತಲಲ್ಲಿ ಒಂದು ಬೇವಿನ ಗಿಡ ಇದೆ. ಧಾರವಾಡದ ಮಾತಿನಲ್ಲಿ ಎಷ್ಟೇ ದೊಡ್ಡ ಮರವೂ ಗಿಡವೇ, ಅದು ನಿಮಗೆ ಗೊತ್ತು. ಮಾರ್ಚ್ ಕೊನೆಗೆ ಅದು ಹೂ ಬಿಟ್ಟು ನಿಂತಿರುತ್ತದೆ. ಸಣ್ಣ ಸಣ್ಣ ಬಿಳಿ ಹೂ, ಐದೈದು ಎಸಳು. ಕಹಿ ಗಿಡಕ್ಕೆ ಇಷ್ಟು ಜೇನಿನಂಥ ವಾಸನೆ ಎಲ್ಲಿಂದ ಬಂತೋ ಅನ್ನಿಸುತ್ತದೆ. ಅಪ್ಪನ ಹಳೆಯ ಧೋತರ ಕೆಳಗೆ ಹಾಸುತ್ತೇವೆ. ಓಣಿಯ ಹುಡುಗರು ಟೊಂಗೆ ಹಿಡಿದು ಅಲುಗಿಸುತ್ತಾರೆ. ಧೋತರದ ಮೇಲೆ ಬಿದ್ದದ್ದಕ್ಕಿಂತ ತಲೆಯ ಮೇಲೆ ಬಿದ್ದದ್ದೇ ಜಾಸ್ತಿ. ಆ ಸಂಜೆ ಅಣ್ಣ ತಲೆ ತುಂಬ ಹೂ ಹೊತ್ತುಕೊಂಡು ಒಳಗೆ ಬಂದ. ಅವ್ವ ಅವನನ್ನು ಮುಂದೆ ಕೂಡಿಸಿಕೊಂಡು, ಒಂದೊಂದೇ ಹೂ ಆರಿಸಿ ಬಟ್ಟಲಿಗೆ ಹಾಕಿದಳು. ಮೂವತ್ತು ದಾಟಿದ ಮಗ ತಲೆ ಬಗ್ಗಿಸಿ ಕೂತಿದ್ದ. ವೈನಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ರಾತ್ರಿ ಹುಣಸೆಹಣ್ಣು ನೆನೆಹಾಕುತ್ತಾರೆ. ಬೆಳಗ್ಗೆ ಅದನ್ನು ಕಿವುಚಿ, ಸೋಸಿ, ಬೆಲ್ಲ ಕರಗಿಸುತ್ತಾರೆ. ಪುಟಾಣಿ ಪುಡಿ ಮಾಡಿ ಕಲಸುತ್ತಾರೆ. ಎಳೆಯ ಮಾವಿನಕಾಯಿ ತುರಿದು ಹಾಕುತ್ತಾರೆ. ಕೊಬ್ಬರಿ, ಗಸಗಸೆ, ಯಾಲಕ್ಕಿ, ಗೋಡಂಬಿ, ಒಣದ್ರಾಕ್ಷಿ, ಹೆಚ್ಚಿದ ಉತ್ತತ್ತಿ. ಎಲ್ಲ ಆದ ಮೇಲೆ ಬೇವಿನ ಹೂ. ಎಲೆಗಿಂತ ಹೂವಿನ ಕಹಿ ಕಡಿಮೆ. ಒಂದು ಗುಟುಕಿನ ಕೊನೆಗೆ ನಾಲಿಗೆಯ ಹಿಂಬದಿಯಲ್ಲಿ ಸ್ವಲ್ಪ ಕಹಿ ಉಳಿಯಬೇಕು, ಅಷ್ಟೇ. ಜಾಸ್ತಿ ಹಾಕಿದರೆ ಮಕ್ಕಳು ಮುಟ್ಟುವುದಿಲ್ಲ. ಹಾಕದೇ ಹೋದರೆ ಅದಕ್ಕೆ ಬೇವು ಅನ್ನುವ ಹೆಸರು ನಿಲ್ಲುವುದಿಲ್ಲ.

ಇಲ್ಲೇ ಇನ್ನೊಂದು ಪದ ಹೇಳಿಬಿಡುತ್ತೇನೆ, ಚರ್ಚೆಗೆ ಅಡ್ಡವಾದರೂ. ಆ ದಿನ ಬೆಳಗ್ಗೆ ಅವ್ವ ಒಳಗಿನಿಂದ ಕೂಗಿದ್ದಳು, "ಅಲ್ಲೆ ಪುಟಾಣಿ ಅವ ನೋಡು, ಒಂದೀಟು ಕುಟ್ಟಿಡು!" ವೈನಿ ಹೊರಗೆ ಬಂದು ನೋಡಿದರೆ ಅಂಗಳದಲ್ಲಿ ಪಕ್ಕದ ಮನೆಯ ಎರಡು ಸಣ್ಣ ಮಕ್ಕಳು ಆಡುತ್ತಿದ್ದವು. ಮೈಸೂರು ಕಡೆ ಪುಟಾಣಿ ಅಂದರೆ ಚಿಕ್ಕ ಮಗು. ನಮ್ಮಲ್ಲಿ ಪುಟಾಣಿ ಅಂದರೆ ಹುರಿಗಡಲೆ. ವೈನಿ ಮಕ್ಕಳ ಮುಖ ನೋಡುತ್ತ ನಿಂತಿದ್ದನ್ನು ಅಣ್ಣ ಇವತ್ತಿಗೂ ನಟನೆ ಮಾಡಿ ತೋರಿಸುತ್ತಾನೆ.

ಮತ್ತೆ ಬೇವಿಗೆ ಬರುತ್ತೇನೆ. ನಮ್ಮ ಮನೆಯಲ್ಲಿ ಯಾರೂ ಬೇವು-ಬೆಲ್ಲ ಅಂತ ಜೋಡಿ ಮಾಡಿ ಹೇಳುವುದಿಲ್ಲ. ಬರೀ ಬೇವು. "ಬೇವು ಆತೇನು?" "ಬೇವು ಚಲೋ ಆಗೇದ." ಅಂದರೆ ಇಲ್ಲಿ ಬೇವು ಅನ್ನುವುದು ಗಿಡದ ಹೆಸರಾಗಿ ಉಳಿದಿಲ್ಲ. ಸಾರು, ಪಾಯಸ, ಹುಗ್ಗಿ ಇದ್ದ ಹಾಗೆ ಅದೊಂದು ಅಡಿಗೆಯ ಹೆಸರು. ವೈನಿಯ ಕಿವಿಗೆ ಅದು ಗಿಡವಾಗಿ ಕೇಳಿಸಿತು, ಅವ್ವನ ಬಾಯಲ್ಲಿ ಅದು ಅಡಿಗೆಯಾಗಿತ್ತು. ತಪ್ಪು ತಿಳುವಳಿಕೆ ಹುಟ್ಟಿದ್ದು ಕ್ರಿಯಾಪದದಿಂದ ಅಲ್ಲ, ನಾಮಪದದಿಂದ ಅಂತ ನನ್ನ ಲೆಕ್ಕ. ಕ್ರಿಯಾಪದ ಅದನ್ನು ಬಯಲಿಗೆ ತಂದಿತು. ಬಂದವರಿಗೆ ಮಾತ್ರ ಅವ್ವ ಕುಡಿ ಅನ್ನುವುದಿಲ್ಲ, "ಬೇವು ತಗೋರಿ" ಅನ್ನುತ್ತಾಳೆ. ತಗೋ ಅನ್ನುವ ಪದ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಚಹಾ ತಗೋರಿ, ಅವಲಕ್ಕಿ ತಗೋರಿ, ಗುಳಿಗಿ ತಗೋರಿ. ಅತಿಥಿಗಳ ಮುಂದೆ ಈ ಪ್ರಶ್ನೆ ಏಳದೇ ಇದ್ದದ್ದು ಅದಕ್ಕೇ ಇರಬೇಕು. ಮನೆಯವರಾದ ಮೇಲೆಯೇ "ಕುಡಿ", "ತಿನ್ನು" ಅನ್ನುವ ಸಲಿಗೆ ಬರುತ್ತದೆ, ಅಲ್ವಾ?

ಹಾಗಾದರೆ ಯಾವುದನ್ನು ಕುಡಿಯುವುದು, ಯಾವುದನ್ನು ತಿನ್ನುವುದು ಅಂತ ನಾವು ಹೇಗೆ ನಿಶ್ಚಯ ಮಾಡುತ್ತೇವೆ? "ಉಪ್ಪು ತಿಂದವನು ನೀರು ಕುಡಿಯಲೇಬೇಕು" ಅನ್ನುವ ಗಾದೆಯಲ್ಲಿ ಗೆರೆ ಸ್ಪಷ್ಟ. ಗಟ್ಟಿಯಾದದ್ದು ತಿನ್ನುವುದು, ನೀರಾದದ್ದು ಕುಡಿಯುವುದು. ನಡುವಿನ ಪದಾರ್ಥಗಳೇ ತೊಡಕು. ಅಂಬಲಿ ಕುಡಿಯುತ್ತೇವೆ. ಗಂಜಿಯನ್ನು ಕೆಲವರು ಕುಡಿಯುತ್ತಾರೆ, ಕೆಲವರು ಉಣ್ಣುತ್ತಾರೆ. ಮಜ್ಜಿಗೆ ಕುಡಿಯುವುದು, ಆದರೆ ನುಚ್ಚು-ಮಜ್ಜಿಗೆ ಉಣ್ಣುವುದು. ಲೋಟದಲ್ಲಿ ಕೊಟ್ಟ ಪಾಯಸ ಕುಡಿಯುತ್ತೇವೆ, ಎಲೆಯ ಮೇಲೆ ಬಡಿಸಿದ ಅದೇ ಪಾಯಸ ಉಣ್ಣುತ್ತೇವೆ. ನನಗೆ ತೋರುವುದು, ಪದಾರ್ಥ ಎಷ್ಟು ತೆಳ್ಳಗಿದೆ ಅನ್ನುವುದಕ್ಕಿಂತ ಪಾತ್ರೆ ಯಾವುದು ಅನ್ನುವುದು ಮುಖ್ಯ. ಲೋಟ ಕೈಗೆ ಬಂದರೆ ಬಾಯಿ ತಾನಾಗಿ ಕುಡಿ ಅನ್ನುತ್ತದೆ.

ಇದಕ್ಕೆ ನಮ್ಮ ಮನೆತನದಲ್ಲೇ ಸಾಕ್ಷಿ ಇದೆ. ಗದಗಿನಲ್ಲಿರುವ ನಮ್ಮ ಕಾಕಾನ ಮನೆಯಲ್ಲಿ ಬೇವು ಸ್ವಲ್ಪ ಗಟ್ಟಿ ಮಾಡುತ್ತಾರೆ. ಪುಟಾಣಿ ಹಿಟ್ಟು ಜಾಸ್ತಿ. ಬಟ್ಟಲಲ್ಲಿ ಹಾಕಿ ಚಮಚ ಕೊಡುತ್ತಾರೆ. ಕಾಕು "ಬೇವು ತಿನ್ರಿ" ಅನ್ನುತ್ತಾಳೆ. ಅವ್ವ ಅಲ್ಲಿ ಹೋದಾಗ ತಾನೂ ಹಾಗೇ ಅನ್ನುತ್ತಾಳೆ. ಧಾರವಾಡಕ್ಕೆ ಬಂದರೆ ಮತ್ತೆ ಕುಡಿ. ಇಬ್ಬರೂ ಒಂದೇ ಮನೆಗೆ ಸೊಸೆಯಾಗಿ ಬಂದವರು, ಒಂದೇ ಅತ್ತೆಯ ಕೈಯಲ್ಲಿ ಬೇವು ಮಾಡಲು ಕಲಿತವರು. ಬದಲಾದದ್ದು ಪಾತ್ರೆ ಮಾತ್ರ.

ಇನ್ನೊಂದು ಸಾಕ್ಷಿ ಈ ವಾದಕ್ಕೆ ಅಡ್ಡ ಬರುತ್ತದೆ. ಬೇವು ಕೊಡುವಾಗ ಹೇಳುವ ಶ್ಲೋಕ ನಿಮಗೆಲ್ಲ ಗೊತ್ತು. "ಶತಾಯುರ್ವಜ್ರದೇಹಾಯ" ಅಂತ ಶುರುವಾಗುತ್ತದೆ. ಅದರ ಕೊನೆಯ ಮಾತು "ಭಕ್ಷಣಂ". ಅಂದರೆ ತಿನ್ನುವುದು. ಬೇವನ್ನು ತಿಂದರೆ ನೂರು ವರ್ಷ ಆಯುಷ್ಯ, ವಜ್ರದಂಥ ಮೈ ಅಂತ ಅದರ ಹಾರೈಕೆ. ಅಪ್ಪ ಪ್ರತಿವರ್ಷ ಕೈಯಲ್ಲಿ ಲೋಟ ಹಿಡಿದು, ದೊಡ್ಡ ದನಿಯಲ್ಲಿ "ಭಕ್ಷಣಂ" ಅಂದು, ಆಮೇಲೆ ಕುಡಿಯುತ್ತಾನೆ. ವೈನಿ ಇದನ್ನು ಹಿಡಿದುಬಿಟ್ಟರು. "ಮಾವ, ಶ್ಲೋಕ ನಮ್ಮ ಕಡೆಗಿದೆ!" ಅಂದರು. ಅಪ್ಪ ಸ್ವಲ್ಪ ಹೊತ್ತು ಯೋಚನೆ ಮಾಡಿದ. ಆಮೇಲೆ ಲೋಟದ ತಳದಲ್ಲಿದ್ದ ದ್ರಾಕ್ಷಿಯನ್ನು ಬೆರಳಿನಿಂದ ತೆಗೆದು ಬಾಯಿಗೆ ಹಾಕಿಕೊಂಡು, "ಈಗ ಭಕ್ಷಣಂ ಆತು" ಅಂದ.

ಆದರೆ ವೈನಿ ಅವತ್ತು ಸಂಜೆ ಹೇಳಿದ ಇನ್ನೊಂದು ಮಾತಿಗಾಗಿಯೇ ನಾನು ಈ ಪತ್ರ ಬರೆಯಲು ಕೂತದ್ದು. ಎಲ್ಲರೂ ಕಟ್ಟೆಯ ಮೇಲೆ ಕೂತು ಈ ಕುಡಿ-ತಿನ್ನು ಜಗಳ ಆಡುತ್ತಿದ್ದೆವು. ಪಕ್ಕದ ಮನೆಯವರೂ ಬಂದು ಸೇರಿಕೊಂಡಿದ್ದರು. ವೈನಿ ಅಂದರು: "ನಮ್ಮೂರ ದೇವರ ಹೆಸರೇ ಹೇಳುತ್ತಲ್ಲ. ನಂಜುಂಡ. ನಂಜು ಅಂದರೆ ವಿಷ. ವಿಷ ತಿಂದ ಅಂತಲೂ ಇಲ್ಲ, ಕುಡಿದ ಅಂತಲೂ ಇಲ್ಲ. ಉಂಡ ಅಂತ ಇದೆ."

ನಾನು ಬೆರಗಾದೆ. ಆ ಹೆಸರನ್ನು ಸಾವಿರ ಸಲ ಕೇಳಿದ್ದೇನೆ. ನಂಜು, ಉಂಡ ಅಂತ ಒಡೆದು ನೋಡಿದ್ದೇನೆ ಕೂಡ. ಆದರೆ ಶಿವ ಹಾಲಾಹಲ ಕುಡಿದ ಅಂತಲೇ ನಾವು ಕಥೆ ಹೇಳುವುದು. ನೀರಿನಂಥ ವಿಷಕ್ಕೆ ಉಣ್ ಯಾಕೆ ಬಂತು ಅಂತ ಯೋಚಿಸಿರಲಿಲ್ಲ.

ಆಮೇಲೆ ಒಂದೊಂದೇ ನೆನಪಾಗತೊಡಗಿದವು. ತಾಯಿಯ ಹಾಲನ್ನು ಮಗು ಉಣ್ಣುತ್ತದೆ. ತಾಯಿ ಹಾಲುಣಿಸುತ್ತಾಳೆ. ಹಾಲು ಕುಡಿಸುತ್ತಾಳೆ ಅಂದರೆ ಬಾಟಲಿ ಕಣ್ಣ ಮುಂದೆ ಬರುತ್ತದೆ. ಹೆಣ್ಣುಮಕ್ಕಳ ಬಾಯಲ್ಲಿ ತವರು ಅಂದರೆ ಹಾಲುಂಡ ತವರು. ಹೊಲಕ್ಕೆ ನೀರುಣಿಸುತ್ತೇವೆ. ನೋವುಂಡವರು, ಕಷ್ಟ ಉಂಡವರು, ಸುಖ ಉಂಡವರು ಅಂತೀವಿ. "ಮಾಡಿದ್ದುಣ್ಣೋ ಮಾರಾಯ" ಅಂತೀವಿ. ಉಣ್ ಅನ್ನುವ ಈ ಸಣ್ಣ ಧಾತು ಗಟ್ಟಿ-ತೆಳು ಅಂತ ನೋಡುವುದೇ ಇಲ್ಲ. ಒಳಗೆ ಹೋಗಿ ನಮ್ಮದಾದದ್ದು ಎಲ್ಲವೂ ಅದಕ್ಕೆ ಉಣಿಸೇ. ಬೇವು ಮಾಡುವುದು ಏನಕ್ಕೆ? ವರ್ಷದ ಸಿಹಿಕಹಿ ಎರಡನ್ನೂ ಒಳಗೆ ತೆಗೆದುಕೊಳ್ಳುತ್ತೇವೆ ಅಂತ ತೋರಿಸಲಿಕ್ಕೆ. ಹಾಗೆ ನೋಡಿದರೆ ಕುಡಿಯೂ ಅಲ್ಲ, ತಿನ್ನೂ ಅಲ್ಲ, "ಬೇವು ಉಣ್ಣು" ಅನ್ನುವುದೇ ಸರಿಯಾಗಿ ಕೂರುತ್ತದೆ. ಆದರೆ ಹಾಗೆ ಯಾರಾದರೂ ನಿಜವಾಗಿ ಅನ್ನುತ್ತಾರಾ? ನಾನು ಕೇಳಿಲ್ಲ. ಇದು ನನ್ನ ಮೊದಲ ಪ್ರಶ್ನೆ. ನಿಮ್ಮ ಅಜ್ಜಿ, ಮುತ್ತಜ್ಜಿ ಯಾರಾದರೂ "ಬೇವು ಉಂಡ್ರ್ಯಾ?" ಅಂತ ಕೇಳಿದ್ದು ನೆನಪಿದ್ದರೆ ದಯವಿಟ್ಟು ಬರೆಯಿರಿ. ಊರು ಯಾವುದು ಅಂತಲೂ ಬರೆಯಿರಿ.

ಎರಡನೆಯದು ಗಡಿಯ ಪ್ರಶ್ನೆ. ನಂಜನಗೂಡಿನಲ್ಲಿ ತಿನ್ನುತ್ತಾರೆ, ಧಾರವಾಡದಲ್ಲಿ ಕುಡಿಯುತ್ತೇವೆ. ನಡುವೆ ಎಲ್ಲಿ ಬದಲಾಗುತ್ತದೆ? ಹಾವೇರಿ, ರಾಣೆಬೆನ್ನೂರು, ಹರಿಹರ, ದಾವಣಗೆರೆ, ಚಿತ್ರದುರ್ಗ, ಈ ದಾರಿಯಲ್ಲಿ ಇರುವವರು ಸಹಾಯ ಮಾಡಬೇಕು. ಸರಿಯಾದ ರೂಪ ಯಾವುದು ಅಂತ ನಿಮಗೆ ಅನ್ನಿಸುತ್ತದೋ ಅದು ಬೇಡ. ನಿಮ್ಮ ಅಡಿಗೆಮನೆಯಲ್ಲಿ ಬಾಯಿಗೆ ಬರುವ ಮಾತೇ ಬೇಕು. ಲೋಟವೋ, ಬಟ್ಟಲೋ, ಅಂಗೈಯೋ ಅನ್ನುವುದನ್ನು ಮರೆಯದೆ ಹೇಳಿ. ಪಾತ್ರೆಯ ಬಗ್ಗೆ ನಾನು ಹೇಳಿದ್ದು ತಪ್ಪಾಗಿದ್ದರೆ ಅದು ನಿಮ್ಮ ಉತ್ತರಗಳಿಂದಲೇ ಗೊತ್ತಾಗಬೇಕು.

ಹಬ್ಬದ ಪದಾರ್ಥಗಳಿಗೆ ಹೀಗೆ ತಮ್ಮದೇ ಕ್ರಿಯಾಪದ ಅಂಟಿಕೊಂಡಿರುವುದು ಬೇವಿಗಷ್ಟೇ ಅಲ್ಲ. ಮೈಸೂರು ಕಡೆ ಸಂಕ್ರಾಂತಿಗೆ ಎಳ್ಳು ಬೀರುತ್ತಾರೆ, ನಾವು ಕುಸುರೆಳ್ಳು ಕೊಡುತ್ತೇವೆ. ಇಲ್ಲಿ ಬಣ್ಣ ಆಡುವುದು. ಹೋಳಿ ಹುಣ್ಣಿಮೆಯ ನಂತರ ಹುಬ್ಬಳ್ಳಿಯಲ್ಲಿ ರಂಗಪಂಚಮಿಗೆ ಬಣ್ಣ. ಅಲ್ಲಿನ ನಮ್ಮ ಮೌಶಿ "ಬಣ್ಣ ಆಡ್ಲಿಕ್ಕೆ ಬಾ" ಅಂತ ಕರೆದಾಗ ವೈನಿ, "ಬಣ್ಣ ಹಚ್ಚೋದಲ್ವಾ, ಆಡೋದು ಹೇಗೆ?" ಅಂತ ಕೇಳಿದ್ದರು. ಸಂಜೆ ಹಸಿರು ಕಿವಿ, ನೇರಳೆ ಹಲ್ಲಿನೊಡನೆ ಮನೆಗೆ ಬಂದ ಮೇಲೆ ಅವರೇ ಹೇಳಿದರು, ಆಡೋದೇ ಸರಿ ಅಂತ.

ಬೇವು, ಬೆಲ್ಲ ಎರಡರ ಹುಟ್ಟಿನ ಬಗ್ಗೆ ಇಲ್ಲಿ ಹಿಂದೆಯೂ ಮಾತು ಬಂದಿರಬಹುದು. ತಮಿಳಿನಲ್ಲಿ ವೇಂಬು, ವೆಲ್ಲಂ. ಬೇರು-ವೇರ್, ಬಿಲ್ಲು-ವಿಲ್ ಇದ್ದ ಹಾಗೆ ಅಲ್ಲಿ ವಕಾರ, ಇಲ್ಲಿ ಬಕಾರ. ಕರಿಬೇವಿನ ಒಳಗೂ ಇದೇ ಬೇವು ಕೂತಿದೆ. ಇದನ್ನು ನನಗಿಂತ ಬಲ್ಲವರು ಬೆಳೆಸಲಿ. ನನ್ನ ಆಸೆ ಕ್ರಿಯಾಪದದ ಮೇಲೆ.

ಕೊನೆಗೆ ಒಂದು ಸಣ್ಣ ಪದ ಬೇಕು. ಇದನ್ನು ಮಕ್ಕಳ ಪರವಾಗಿ ಕೇಳುತ್ತಿದ್ದೇನೆ. ಬೇವು ಕುಡಿದಾದ ಮೇಲೆ ಲೋಟದ ತಳದಲ್ಲಿ ಸ್ವಲ್ಪ ಉಳಿಯುತ್ತದೆ. ನೆಂದ ಪುಟಾಣಿ, ಉಬ್ಬಿದ ದ್ರಾಕ್ಷಿ, ಉತ್ತತ್ತಿ ಚೂರು, ಎರಡು ಹೂ. ಅದನ್ನು ಕುಡಿಯಲು ಆಗುವುದಿಲ್ಲ. ಲೋಟ ಬೋರಲು ಮಾಡಿ, ತಳ ತಟ್ಟಿ, ಬೆರಳು ಹಾಕಿ ತಿನ್ನಬೇಕು. ಒಂದೇ ಲೋ‍ಟದಲ್ಲಿ ಕುಡಿಯುವುದು ತಿನ್ನುವುದಾಗಿ ಬದಲಾಗುವ ಜಾಗ ಅದು. ಪಾತೇಲಿಯ ತಳದಲ್ಲಂತೂ ಅದು ಒಂದು ಮುಷ್ಟಿ ಇರುತ್ತದೆ, ಅದಕ್ಕಾಗಿ ನಮ್ಮ ಮನೆಯಲ್ಲಿ ಪ್ರತಿವರ್ಷ ಜಗಳ. ಈ ಸಲ ಗೆದ್ದವರು ವೈನಿ. ಗಸಿ, ಚರಟ ಅನ್ನುವ ಪದಗಳಿವೆ, ಆದರೆ ಅವು ಚೆಲ್ಲುವ ವಸ್ತುವಿನ ಹೆಸರು. ಇದು ಚೆಲ್ಲುವುದಲ್ಲ, ಕಾದು ಕೂತು ತಿನ್ನುವುದು. ಅವ್ವ ಅದಕ್ಕೆ "ಬುಡದ್ದು" ಅನ್ನುತ್ತಾಳೆ. "ಬುಡದ್ದು ಯಾರಿಗೆ?" ಅಂತ ಕೂಗಿದರೆ ಎಲ್ಲ ಕೋಣೆಗಳಿಂದಲೂ ಓಡಿ ಬರುತ್ತಾರೆ. ನಿಮ್ಮ ಮನೆಯಲ್ಲಿ ಇದಕ್ಕೆ ಏನಂತ ಕೂಗುತ್ತಾರೆ?